ಅಡಿಕೆ ಹಾಳೆ: ಕಸವೋ, ಕಸುಬೋ?

ತೋಟದಲ್ಲಿ ಉದುರಿದ ಹಾಳೆಯನ್ನು ನಮ್ಮ ಹಿರಿಯರು ಎಂದೂ ಕಸವೆಂದು ಎಣಿಸಲಿಲ್ಲ. ಕರಾವಳಿಯಲ್ಲಿ ಅದು ಮುಟ್ಟಾಳೆಯಾಗಿ ತಲೆಯನ್ನೇರಿತು. ಬೀಸಣಿಗೆಯಾಯಿತು, ದನಕ್ಕೆ ಮೇವಾಯಿತು, ಕೊನೆಗೆ ಮರದ ಬುಡಕ್ಕೇ ಗೊಬ್ಬರವಾಯಿತು. ಈಚಿನ ದಶಕಗಳಲ್ಲಿ ಇದೇ ಹಾಳೆ ಊಟದ ತಟ್ಟೆಯಾಗಿ ಹೊಸದೊಂದು ಕಸುಬಿಗೆ ದಾರಿಮಾಡಿದೆ.

ಕೆಲಸ ಸರಳ. ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ನೀರಿಳಿಸಿ, ಕಾದ ಅಚ್ಚಿನಲ್ಲಿ ಒತ್ತಿ ಅಂಚು ಕತ್ತರಿಸಿದರೆ ತಟ್ಟೆ ಸಿದ್ಧ. ಅಂಟು ಬೇಡ, ಬಣ್ಣ ಬೇಡ, ಮರ ಕಡಿಯಬೇಕಾಗಿಲ್ಲ. ಉಂಡು ಬಿಸಾಡಿದ ತಟ್ಟೆ ಗೊಬ್ಬರಗುಂಡಿಯಲ್ಲಿ ಕರಗುತ್ತದೆ. 2016ರಲ್ಲಿ ಕರ್ನಾಟಕ ಸರ್ಕಾರವೂ, 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ಪ್ಲಾಸ್ಟಿಕ್ ತಟ್ಟೆ-ಲೋಟಗಳನ್ನು ನಿಷೇಧಿಸಿದ ಮೇಲೆ ಇದರ ಮಹತ್ವ ಇನ್ನಷ್ಟು ಹೆಚ್ಚಿದೆ.

ತೋಟದ ಲೆಕ್ಕ

ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಮರವೊಂದಕ್ಕೆ ವರ್ಷಕ್ಕೆ ಐದು ಹಾಳೆ ಎಂದರೂ 2,700 ಹಾಳೆಗಳಾದವು. ಕಾಫಿಯ ನಡುವೆ ಅಡಿಕೆ ಇರುವಲ್ಲಿ ಗಿಡದ ಮೇಲೆ ಬಿದ್ದ ಸೋಗೆ-ಹಾಳೆ ತೆಗೆಯುವ ಕೆಲಸ ಹೇಗೂ ಇದ್ದೇ ಇದೆ.

ಆದರೆ ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಹಾಳೆ ಮಾರಿದರೆ ಅದರೊಡನೆ ಪೊಟ್ಯಾಷ್ ಮುಂತಾದ ಪೋಷಕಾಂಶಗಳೂ ತೋಟದಿಂದ ಹೊರಟುಹೋಗುತ್ತವೆ. ಆದುದರಿಂದ ತಟ್ಟೆಗೆ ಯೋಗ್ಯವಾದ ಅಗಲ ಹಾಳೆಯನ್ನು ಮಾತ್ರ ಕೊಡಿ. ಸೋಗೆ, ಹರಿದ ಹಾಳೆ, ಘಟಕದಲ್ಲಿ ಉಳಿದ ಕತ್ತರಿಕೆ ಎಲ್ಲವೂ ಬುಡಕ್ಕೆ ಮರಳಲಿ. ಮಣ್ಣನ್ನು ಬಡವಾಗಿಸಿ ಪೇಟೆಯ ಪರಿಸರ ಕಾಯುವುದರಲ್ಲಿ ಅರ್ಥವಿಲ್ಲ.

ಎದುರಾದ ಪ್ರಶ್ನೆ

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆ-ಬಟ್ಟಲುಗಳು ಆಹಾರ ಬಡಿಸಲು ತಕ್ಕವಲ್ಲವೆಂದು ತಿಳಿಸಿತು. ಅಡಿಕೆ ಮರದಲ್ಲಿ ಸಹಜವಾಗಿರುವ ಅರೆಕೊಲಿನ್ ಮೊದಲಾದ ಅಂಶಗಳು ಊಟಕ್ಕೆ ಇಳಿಯಬಹುದೆಂಬುದು ಅದರ ಆಕ್ಷೇಪ. ಆ ಮಾರುಕಟ್ಟೆಯನ್ನೇ ನಂಬಿದ ಘಟಕಗಳಿಗೆ ಇದು ದೊಡ್ಡ ಪೆಟ್ಟು.

ನಾವು ಹಿಂದಿನಿಂದಲೂ ಹಾಳೆಯಲ್ಲಿ ಉಂಡವರು ಎಂದರೆ ಉತ್ತರವಾಗದು. ಬಿಸಿ ಸಾರು, ಎಣ್ಣೆ, ಹುಳಿ ಬಡಿಸಿದಾಗ ಎಷ್ಟು ಅಂಶ ಇಳಿಯುತ್ತದೆ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಒಂಟಿ ಘಟಕಕ್ಕೆ ಇಂಥ ಪರೀಕ್ಷೆಯ ಖರ್ಚು ಭಾರ. ಸಹಕಾರ ಸಂಘಗಳು ಕೈಜೋಡಿಸಬೇಕಾದುದು ಇಲ್ಲಿಯೇ.

ಬೆಳೆಗಾರರು ಗಮನಿಸಬೇಕಾದುದು

1. ಬಿದ್ದ ಹಾಳೆಯನ್ನು ಬೇಗ ಹೆಕ್ಕಿ, ಚೆನ್ನಾಗಿ ಒಣಗಿಸಿ, ಮಳೆಗಾಲಕ್ಕೆ ಮುಂಚೆ ಸೂರಿನಡಿ ಸೇರಿಸಿ. ಪಸೆ ಉಳಿದರೆ ಬೂಷ್ಟು ಹಿಡಿಯುತ್ತದೆ.
2. ಬೋರ್ಡೋ ದ್ರಾವಣದ ಕಲೆಯಿರುವ ಹಾಳೆಯನ್ನು ತಟ್ಟೆಗೆ ಕೊಡಬೇಡಿ.
3. ಹಾಳೆಯನ್ನು ಗಾತ್ರದಂತೆ ವಿಂಗಡಿಸಿ, ಒಂದೂರಿನವರು ಸೇರಿ ಮಾರಿ. ಸಾಗಾಟದ ಖರ್ಚು ಉಳಿಯುತ್ತದೆ.

ಹಾಳೆ ಕಸುಬು ಉಳಿಯಬೇಕಾದರೆ ಮಣ್ಣಿಗೂ ಉಣ್ಣುವವನಿಗೂ ಕೇಡಾಗಬಾರದು. ಅದರ ಮೊದಲ ಹೊಣೆ ಹಾಳೆ ಹೆಕ್ಕುವ ನಮ್ಮದೇ ಆಗಿದೆ.