ದಪ್ಪ ರಬ್ಬರ್ ಹಿಡಿಯನ್ನು ಕೈಯಳತೆಗೆ ತರುವುದು ಹೇಗೆ?

ಕೈಯಿಂದ ಜಾರಬಾರದೆಂದು ರಬ್ಬರ್ ಹಿಡಿಯ ಚಾಕು ಕೊಳ್ಳುತ್ತೇವೆ. ಆದರೆ ದೊಡ್ಡ ಅಂಗೈಗೆಂದು ಅಚ್ಚು ಹಾಕಿದ ಹಿಡಿಯನ್ನು ಸಣ್ಣ ಕೈ ಪೂರ್ತಿ ಸುತ್ತಿ ಹಿಡಿಯಲಾರದು. ಆ ಕೊರತೆ ತುಂಬಲು ಬೆರಳುಗಳು ಹೆಚ್ಚು ಬಿಗಿ ಹಾಕುತ್ತವೆ. ಅರ್ಧ ಕಿಲೋ ಹುರುಳಿಕಾಯಿ ಹೆಚ್ಚುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ; ಗಟ್ಟಿ ಕುಂಬಳಕಾಯಿಯ ಮೇಲೆ ಅಲಗು ಹೊರಳಿದರೆ ಗಾಯವೂ ಆದೀತು. ಇಂಥ ಹಿಡಿಯನ್ನು ಮನೆಯಲ್ಲೇ ತೆಳುವಾಗಿಸಬಹುದು. ಆದರೆ ಮರದ ಹಿಡಿಯನ್ನು ಹೆರೆದು ಉಜ್ಜುವ ಕ್ರಮ ಇಲ್ಲಿ ನಡೆಯದು. ನಿಮ್ಮ ಚಾಕುವಿನದು ಯಾವ ಬಗೆಯ ರಬ್ಬರ್ ಎಂಬುದನ್ನು ಮೊದಲು ತಿಳಿಯಬೇಕು. ಮುಂದಿನ ಕೆಲಸವೆಲ್ಲ ಅದನ್ನೇ ಅವಲಂಬಿಸಿದೆ.

ಎಷ್ಟು ದಪ್ಪ ಸರಿ?

ಬಲ ಹಾಕಿ ಹಿಡಿಯುವ ಕೈಸಲಕರಣೆಗಳಿಗೆ ಸುಮಾರು 32ರಿಂದ 51 ಮಿ.ಮೀ. ವ್ಯಾಸದ ಹಿಡಿ ಸೂಕ್ತವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 2004ರ ಕೈಪಿಡಿಯಲ್ಲಿ ಹೇಳಿದೆ. ಸಣ್ಣ ಕೈಗೆ ಇದರ ಕೆಳಮಿತಿಯೇ ಹಿತ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ತೋರುಬೆರಳಿನ ತುದಿಯನ್ನು ತುಸು ದಾಟಬೇಕು.

40 ಮಿ.ಮೀ. ವ್ಯಾಸದ ಹಿಡಿಯ ಸುತ್ತಳತೆ ಸುಮಾರು 126 ಮಿ.ಮೀ. ಸುತ್ತಲೂ ಬರೀ 3 ಮಿ.ಮೀ. ತೆಗೆದರೆ ಅದು 107 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ಬೆರಳುಗಳಿಗೆ 19 ಮಿ.ಮೀ. ಹೆಚ್ಚುವರಿ ಜಾಗ ಸಿಗುತ್ತದೆ. ಹೀಗಾಗಿ ಹೆಚ್ಚು ಕೊರೆಯುವ ಅಗತ್ಯವಿಲ್ಲ. ಅಡ್ಡ ಸೀಳಿನ ಆಕಾರ ಮಾತ್ರ ಮೊಟ್ಟೆಯಂತಿರಲಿ. ಹಿಡಿ ಪೂರ್ತಿ ದುಂಡಾದರೆ ಅಲಗಿನ ಬಾಯಿ ಯಾವ ಕಡೆಗಿದೆಯೆಂದು ಕೈಗೆ ತಿಳಿಯುವುದಿಲ್ಲ.

ಎರಡು ಬಗೆಯ ರಬ್ಬರ್

ಹಸಿ ರಬ್ಬರಿನಲ್ಲಿ ಉದ್ದನೆಯ ಅಣುಸರಪಳಿಗಳು ಬಿಡಿಬಿಡಿಯಾಗಿರುತ್ತವೆ. ಗಂಧಕ ಬೆರೆಸಿ ಕಾಯಿಸಿದರೆ ಈ ಸರಪಳಿಗಳ ನಡುವೆ ಅಡ್ಡಕೊಂಡಿಗಳು ಬೀಳುತ್ತವೆ. ಇದೇ ವಲ್ಕನೀಕರಣ. ಚಾರ್ಲ್ಸ್ ಗುಡ್‌ಇಯರ್ ಇದನ್ನು 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ. ಹೀಗೆ ಬೆಸೆದ ರಬ್ಬರ್ ಮತ್ತೆ ಕರಗುವುದಿಲ್ಲ; ಹೆಚ್ಚು ಕಾಯಿಸಿದರೆ ಸುಟ್ಟು ಹೋಗುತ್ತದೆ.

ಎರಡನೆಯದು ಕಾಯಿಸಿದರೆ ಮೆದುವಾಗುವ ಬಗೆ. ಸ್ಟೈರೀನ್ ಮತ್ತು ಬ್ಯೂಟಾಡೈಈನ್ ತುಂಡುಗಳನ್ನು ಜೋಡಿಸಿ ತಯಾರಿಸಿದ ಪಾಲಿಮರ್ ಇದಕ್ಕೊಂದು ಉದಾಹರಣೆ. ಇದರಲ್ಲಿ ಗಟ್ಟಿಯಾದ ಸ್ಟೈರೀನ್ ಭಾಗಗಳು ಗಂಟುಗಳಂತೆ ಸರಪಳಿಗಳನ್ನು ಹಿಡಿದಿಟ್ಟಿರುತ್ತವೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಳಿ ಆ ಗಂಟುಗಳು ಸಡಿಲವಾಗುತ್ತವೆ. ತಣಿದರೆ ಮತ್ತೆ ಬಿಗಿಯುತ್ತವೆ.

ಇವೆರಡನ್ನು ಗುರುತಿಸಲು ಸೂಜಿಯೊಂದನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ. ಕಿಟಕಿ ತೆರೆದಿಟ್ಟು, ಹಿಡಿಯ ಹಿಂಬದಿಗೆ ಕ್ಷಣಮಾತ್ರ ಮುಟ್ಟಿಸಿ. ಕರಗಿ ಎಳೆ ಬಂದರೆ ಅದು ಎರಡನೆಯ ಬಗೆ. ಕರಗದೆ ಕಪ್ಪಾಗಿ, ಟಯರ್ ಸುಟ್ಟ ವಾಸನೆ ಬಂದರೆ ವಲ್ಕನೀಕರಿಸಿದ ರಬ್ಬರ್. ಹೊಗೆಯನ್ನು ಮೂಸಿ ನೋಡಬೇಡಿ. ತಾನಾಗಿ ತಿಳಿದಷ್ಟು ಸಾಕು.

ಕತ್ತರಿಸುವ ಮುನ್ನ

ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪು ಹಚ್ಚಿ. ಅಲಗಿನ ಉಕ್ಕು ಹಿಡಿಯೊಳಗೂ ನಾಲಿಗೆಯಂತೆ ಹೊಕ್ಕಿರುತ್ತದೆ. ಅದು ಎಲ್ಲಿದೆಯೆಂದು ತಿಳಿಯಲು ಪುಟ್ಟ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಿಡಿಯ ಉದ್ದಕ್ಕೂ ಆಡಿಸಿ. ಸೆಳೆತ ಹೆಚ್ಚಿರುವಲ್ಲಿ ಉಕ್ಕು ಮೇಲ್ಮೈಗೆ ಹತ್ತಿರವಿದೆ. ಅಲ್ಲಿ ಕಡಿಮೆ ತೆಗೆಯಿರಿ. ಹಲವು ಹಿಡಿಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ರಬ್ಬರಿನ ತೆಳು ಪದರ ಮಾತ್ರ ಇರುತ್ತದೆ. ಉಗುರಿನಿಂದ ಒತ್ತಿದಾಗ ಕೂಡಲೇ ಗಟ್ಟಿ ತಳ ಸಿಕ್ಕರೆ ಆ ಹಿಡಿಯನ್ನು ಹಾಗೇ ಬಿಡಿ.

ಹೆರೆಯುವುದು, ಉಜ್ಜುವುದು

ತೆಗೆಯಬೇಕಾದ ಭಾಗವನ್ನು ಪೆನ್ನಿನಿಂದ ಗುರುತಿಸಿ, ಹಿಡಿಯನ್ನು ವೈಸ್‌ನಲ್ಲಿ ಎರಡು ಮರದ ತುಂಡುಗಳ ನಡುವೆ ಬಿಗಿಯಿರಿ. ಹೊಸ ಬ್ಲೇಡಿಗೆ ಸೋಪಿನ ನೀರು ಹಚ್ಚಿ, ಮೈಯಿಂದ ಹೊರಮುಖವಾಗಿ ತೆಳುಪದರಗಳನ್ನು ಹೆರೆಯಿರಿ. ಒದ್ದೆಯಿದ್ದರೆ ಬ್ಲೇಡು ರಬ್ಬರಿಗೆ ಕಚ್ಚಿಕೊಳ್ಳದೆ ಸರಾಗವಾಗಿ ಸಾಗುತ್ತದೆ.

ಉಜ್ಜುಕಾಗದ ಕೊನೆಯ ನುಣುಪಿಗೆ ಮಾತ್ರ. ಅದರ ಹರಳು ತಾಗಿದಾಗ ರಬ್ಬರ್ ಹಿಗ್ಗಿ ಹಿಂದಕ್ಕೆ ಬರುತ್ತದೆ. ಮರದಂತೆ ಪುಡಿಯಾಗದೆ ಚೂರುಚೂರಾಗಿ ಹರಿಯುತ್ತದೆ. ಒಣಗಿದ್ದಾಗ ಉಜ್ಜಿದರೆ ಘರ್ಷಣೆಯ ಬಿಸಿಗೆ ಎರಡನೆಯ ಬಗೆಯ ರಬ್ಬರ್ ಅಂಟಾಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ನೀರಿನಲ್ಲಿ ಬಳಸುವ ಕಾಗದವನ್ನೇ ತಂದು 80, 120, 220 ಸಂಖ್ಯೆಗಳ ಕ್ರಮದಲ್ಲಿ ಒದ್ದೆಯಾಗಿ ಉಜ್ಜಿ. ದೂಳೂ ಏಳುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗುವುದಲ್ಲವೇ ಎಂದು ನೀವು ಕೇಳಬಹುದು. ನೈಸರ್ಗಿಕ ರಬ್ಬರ್ ಗಾಜಿನಂತೆ ಗಡುಸಾಗುವುದು ಸುಮಾರು ಮೈನಸ್ 70 ಡಿಗ್ರಿಯಲ್ಲಿ. ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕೆಲಸ ಮುಗಿದ ಮೇಲೆ ಸೋಪಿನಿಂದ ತೊಳೆದು ಒಣಗಿಸಿ. ಸೀಮೆಎಣ್ಣೆ, ಪೆಟ್ರೋಲು ಮುಟ್ಟಿಸಬೇಡಿ. ಅವುಗಳಲ್ಲಿ ರಬ್ಬರ್ ಊದಿಕೊಳ್ಳುತ್ತದೆ.

ಮೇಲ್ಮೈ ಮುಚ್ಚುವುದು

ಅಚ್ಚಿನಿಂದ ಬಂದ ನುಣುಪು ಚರ್ಮ ಈಗ ಹೋಗಿದೆ. ಹೆರೆದ ಮೈಯ ಸಣ್ಣ ಸಣ್ಣ ತಗ್ಗುಗಳಲ್ಲಿ ತರಕಾರಿ ರಸ, ಎಣ್ಣೆ ನಿಂತು ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತದೆ. ಗಾಳಿಗೆ ಒಡ್ಡಿದ ಮೈ ಹೆಚ್ಚಾದಷ್ಟೂ ರಬ್ಬರ್ ಬೇಗ ಹಳತಾಗುತ್ತದೆ. ಈ ಹಂತವನ್ನು ಬಿಟ್ಟರೆ ಪಟ್ಟ ಶ್ರಮ ವ್ಯರ್ಥ.

ಕರಗುವ ಬಗೆಯಾದರೆ, ಮರದ ಹಿಡಿಯಿರುವ ಸ್ಟೀಲ್ ಚಮಚವನ್ನು ಕಾಯಿಸಿ ಅದರ ಬೆನ್ನಿನಿಂದ ಒಂದೊಂದು ಜಾಗವನ್ನೂ ಎರಡು ಮೂರು ಸೆಕೆಂಡು ಸವರಿ. ತಗ್ಗುಗಳು ಕೂಡಿಕೊಂಡು ಹೊಸ ಚರ್ಮ ಮೂಡುತ್ತದೆ. ಹೊಗೆ ಬಂದರೆ ಬಿಸಿ ಹೆಚ್ಚಾಯಿತೆಂದು ತಿಳಿಯಿರಿ. ಹೆರೆದ ಚೂರಿನ ಮೇಲೆ ಮೊದಲು ಪ್ರಯತ್ನಿಸಿ ನೋಡಿ.

ವಲ್ಕನೀಕರಿಸಿದ ರಬ್ಬರಿಗೆ ಈ ಉಪಾಯ ಸಲ್ಲದು. ಇದಕ್ಕೆ ಸೈಕಲ್ ಟ್ಯೂಬಿನ ತುಂಡನ್ನು ಗವಸಿನಂತೆ ತೊಡಿಸಬಹುದು. ಟ್ಯೂಬಿನ ಸುತ್ತಳತೆ ಹಿಡಿಯದಕ್ಕಿಂತ ತುಸು ಕಡಿಮೆ ಇರಲಿ. ಒಳಗಿನ ಪೌಡರನ್ನು ತೊಳೆದು, ಹಿಡಿಗೆ ಸ್ಪಿರಿಟ್ ಸವರಿ ಎಳೆದು ಕೂರಿಸಿ. ಸ್ಪಿರಿಟ್ ಆರಿದ ಮೇಲೆ ಗವಸು ಬಿಗಿಯಾಗುತ್ತದೆ. ಬಳಿಕ ಎರಡೂ ಅಂಚುಗಳನ್ನು ಒಂದು ಸೆಂ.ಮೀ. ಮಡಚಿ, ಎರಡೂ ಮೈಗಳಿಗೆ ಪಂಚರ್ ಸಲ್ಯೂಷನ್ ಹಚ್ಚಿ, ಐದು ನಿಮಿಷ ಬಿಟ್ಟು ಒತ್ತಿ. ಹಿಂತುದಿಗೆ ಟ್ಯೂಬಿನದೇ ಒಂದು ತೇಪೆ ಹಾಕಿ. ಗವಸು ಸೇರಿದಾಗ ವ್ಯಾಸ ಮತ್ತೆ ಸುಮಾರು 2 ಮಿ.ಮೀ. ಹೆಚ್ಚುವುದರಿಂದ ಹೆರೆಯುವಾಗಲೇ ಅಷ್ಟು ಹೆಚ್ಚಾಗಿ ತೆಗೆದಿರಬೇಕು. ಸ್ಪಿರಿಟ್, ಸಲ್ಯೂಷನ್ ಎರಡೂ ಬೇಗ ಹೊತ್ತಿಕೊಳ್ಳುವಂಥವು. ಒಲೆಯ ಬಳಿ ಈ ಕೆಲಸ ಬೇಡ.

ತಟ್ಟನೆ ಹಿಡಿಯುವ ಸಯನೋಅಕ್ರಿಲೇಟ್ ಅಂಟನ್ನು ಇಡೀ ಹಿಡಿಗೆ ಬಳಿಯುವುದು ಸರಿಯಲ್ಲ. ಅದರ ಗಡುಸು ಪೊರೆ ರಬ್ಬರ್ ಬಾಗಿದಾಗ ಬಿರಿಯುತ್ತದೆ. ಹತ್ತಿ ಬಟ್ಟೆಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗುವುದೂ ಉಂಟು.

ಅಲಗು ಮತ್ತು ಹಿಡಿ ಕೂಡುವ ಸಂದು ಎರಡೂ ಬಗೆಗಳಲ್ಲಿ ಮುಖ್ಯ. ಅಲ್ಲಿ ನೀರು ಇಳಿದರೆ ಒಳಗಿನ ಉಕ್ಕು ಕಾಣದಂತೆ ತುಕ್ಕು ಹಿಡಿಯುತ್ತದೆ. ಸಂದಿಗೆ ಸಿಲಿಕೋನ್ ಸೀಲೆಂಟಿನ ಸಣ್ಣ ಗೆರೆ ಎಳೆಯಿರಿ. ಹುಳಿ ವಾಸನೆಯ ಸೀಲೆಂಟ್ ಅಸಿಟಿಕ್ ಆಮ್ಲ ಬಿಡುವುದರಿಂದ ಲೋಹಕ್ಕೆ ಒಳ್ಳೆಯದಲ್ಲ. ತಟಸ್ಥ ಬಗೆಯನ್ನು ಕೇಳಿ ತನ್ನಿ. 24 ಗಂಟೆ ಒಣಗಲು ಬಿಡಿ.

ಬಳಸುವ ಮುನ್ನ

ಅಲಗಿನ ರಟ್ಟು ತೆಗೆಯದೆಯೇ ಒದ್ದೆಗೈಯಲ್ಲಿ ಹಿಡಿದು ತಿರುಚಿ ನೋಡಿ. ಗವಸು ಜರುಗಿದರೆ ಅಥವಾ ಅಲಗು ಅಲುಗಿದರೆ ಆ ಚಾಕು ಅಡುಗೆಮನೆಗೆ ಬೇಡ. ಹಳತಾಗಿ ಜಿಗುಟು ಬಂದಿರುವ ಹಿಡಿಯಲ್ಲಿ ರಬ್ಬರೇ ಕೆಟ್ಟಿರುತ್ತದೆ; ಅದನ್ನು ತಿದ್ದಲು ಹೋಗಬೇಡಿ. ಮಾಂಸ, ಮೀನು ಹೆಚ್ಚುವ ಚಾಕುವಿಗೆ ಅಂಚುಗಳಿರುವ ಗವಸು ಸೂಕ್ತವಲ್ಲ. ತಿದ್ದಿದ ಚಾಕುವನ್ನು ನೀರಿನಲ್ಲಿ ನೆನೆಹಾಕದೆ ಕೂಡಲೇ ತೊಳೆದು ಒರೆಸಿಡಿ. ತಿಂಗಳಿಗೊಮ್ಮೆ ಸಂದನ್ನು ಪರೀಕ್ಷಿಸಿ, ಬಿರುಕು ಕಂಡರೆ ಹಳೆಯ ಸೀಲೆಂಟ್ ಕೆರೆದು ಹೊಸದಾಗಿ ತುಂಬಿ.