‘ಓನ್’ ಮತ್ತು ‘ಓ’: ಒಂದಕ್ಷರದ ವ್ಯತ್ಯಾಸ

ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ ‘ನಮ್ಮ ಅಬ್ಬಾಗೆ ಒಂದು ಎಕರೆ ಜಮೀನಿದೆ’ ಎಂಬ ವಾಕ್ಯ ಬರೆಯಲು ಹೋಗಿ, ‘ಓನ್ಸ್’ ಪದದಲ್ಲಿ ‘ಎನ್’ ಬದಲು ‘ಇ’ ಹಾಕಿಬಿಟ್ಟೆ. ಅದು ‘ಓಸ್’ ಆಯಿತು. ಮೇಡಂ ನಕ್ಕು, “ನಿಮ್ಮ ಅಬ್ಬಾ ಒಂದು ಎಕರೆ ಯಾರಿಗೆ ಕೊಡಬೇಕಮ್ಮಾ?” ಎಂದರು. ತರಗತಿಯೆಲ್ಲ ನಕ್ಕಿತು.

‘ಓನ್’ ಎಂದರೆ ಸ್ವಂತವಾಗಿ ಹೊಂದಿರುವುದು. ‘ಓ’ (ಓ, ಡಬ್ಲ್ಯೂ, ಇ) ಎಂದರೆ ಕೊಡಬೇಕಾಗಿರುವುದು. ಅರ್ಥಗಳು ವಿರುದ್ಧ. ಆದರೆ ಗ್ರಂಥಾಲಯದಲ್ಲಿ ದೊಡ್ಡ ನಿಘಂಟು ನೋಡಿದಾಗ ಎರಡರ ಮೂಲವೂ ಒಂದೇ ಎಂದು ತಿಳಿದು ಆಶ್ಚರ್ಯವಾಯಿತು. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಆಗನ್’ ಎಂಬ ಕ್ರಿಯಾಪದವಿತ್ತು. ಅದರ ಅರ್ಥ ‘ಹೊಂದಿರು’. ಅದಕ್ಕೆ ‘ಕೊಡಬೇಕಾಗಿರು’ ಎಂಬ ಅರ್ಥವೂ ಸೇರಿ, ಕೊನೆಗೆ ಅದೇ ಉಳಿದು, ಇಂದಿನ ‘ಓ’ ಆಯಿತು. ‘ಆಗನ್’ನಿಂದಲೇ ಬಂದ, ‘ಸ್ವಂತ’ ಎಂಬರ್ಥದ ಪದದಿಂದ ‘ಓನ್’ ಹುಟ್ಟಿತು. ಕರ್ತವ್ಯ ಹೇಳಲು ಬಳಸುವ ‘ಆಟ್ ಟು’ ಇದೆಯಲ್ಲ, ಅದರ ‘ಆಟ್’ ಕೂಡ ‘ಓ’ ಪದದ ಹಳೆಯ ಭೂತಕಾಲ ರೂಪ. ಇರುವುದು, ಕೊಡಬೇಕಾದದ್ದು, ಮಾಡಬೇಕಾದದ್ದು, ಮೂರೂ ಒಂದೇ ಬೇರಿನ ಪದಗಳು.

ಮನೆಗೆ ಹೋಗಿ ನಮ್ಮ ಜಮೀನಿನ ಪಹಣಿ ತೆಗೆದು ನೋಡಿದೆ. ಒಂಬತ್ತನೇ ಕಾಲಂನಲ್ಲಿ ಅಬ್ಬಾ ಹೆಸರಿದೆ. ಹನ್ನೊಂದನೇ ಕಾಲಂ ಹಕ್ಕು ಮತ್ತು ಋಣಗಳದ್ದು. ಅಲ್ಲಿ ಆಲೂಗಡ್ಡೆ ಬಿತ್ತನೆಗೆ ತೆಗೆದ ಬೆಳೆ ಸಾಲ ನಮೂದಾಗಿದೆ. ಆ ವರ್ಷ ಅಂಗಮಾರಿ ಬಿದ್ದು ಬೆಳೆ ಹೋಯಿತು, ಸಾಲ ಉಳಿಯಿತು. ‘ಓನ್’, ‘ಓ’ ಎರಡೂ ಒಂದೇ ಹಾಳೆಯಲ್ಲಿವೆ!

ಸಾಲವಿಲ್ಲದ ಒಡೆಯನಿಗೂ ಕೊಡಬೇಕಾದದ್ದು ಇದ್ದೇ ಇದೆ. ಇಸ್ಲಾಮಿನಲ್ಲಿ ಬೆಳೆಯ ಮೇಲಿನ ಜಕಾತಿಗೆ ‘ಉಶ್ರ್’ ಎನ್ನುತ್ತಾರೆ. ಅರಬ್ಬಿಯಲ್ಲಿ ಅದರ ಅರ್ಥ ಹತ್ತನೇ ಒಂದು ಭಾಗ. ಮಳೆಯಿಂದ ಬೆಳೆದದ್ದರಲ್ಲಿ ಹತ್ತನೇ ಒಂದು ಭಾಗ, ಖರ್ಚು ಮಾಡಿ ನೀರು ಹಾಯಿಸಿ ಬೆಳೆದದ್ದರಲ್ಲಿ ಇಪ್ಪತ್ತನೇ ಒಂದು ಭಾಗ ಕೊಡಬೇಕು. ಅದು ನಾವು ಮಾಡುವ ಉಪಕಾರವಲ್ಲ, ಬಡವರ ಹಕ್ಕು.

ಉತ್ತರ ಪತ್ರಿಕೆಯನ್ನು ಅಬ್ಬಾಗೆ ತೋರಿಸಿ ನನ್ನ ತಪ್ಪನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಪೂರ್ತಿ ತಪ್ಪೇನೂ ಬರೆದಿಲ್ಲ ಬಿಡು ಬೇಟಿ” ಎಂದರು.

ಗೆಳತಿಯರೇ, ಪರೀಕ್ಷೆಗೆ ಹೀಗೆ ನೆನಪಿಡಿ: ಕೊನೆಯಲ್ಲಿ ‘ಎನ್’ ಇದ್ದರೆ ‘ನನ್ನದು’, ‘ಇ’ ಇದ್ದರೆ ‘ಇನ್ನೂ ಕೊಡಬೇಕು’. ಪರೀಕ್ಷೆ ಮುಗಿದ ಮೇಲೆ ಮಾತ್ರ ಎರಡನ್ನೂ ಒಟ್ಟಿಗೇ ನೆನಪಿಡಿ.