ಶಾಲೆಯ ಹೆಸರೂ ಕಲಿಕೆಯ ಆತ್ಮವಿಶ್ವಾಸವೂ

ಧಾರ್ಮಿಕ ಶಾಲೆಗಳಲ್ಲಿ ಓದಿದವರಿಗೆ ಹೊಸ ವಿದ್ಯೆ ಕಲಿಯುವ ಆತ್ಮವಿಶ್ವಾಸ ಕಡಿಮೆಯೆಂಬ ಭಾವನೆ ಉದ್ಯಮಿಗಳಲ್ಲಿಯೂ ಉಂಟು. ಈ ದೃಷ್ಟಿಯಿಂದ ಟರ್ಕಿಯ ಅನುಭವ ಗಮನಾರ್ಹ. ಅಲ್ಲಿನ ಸರ್ಕಾರಿ ಇಮಾಮ್-ಹತಿಪ್ ಶಾಲೆಗಳಲ್ಲಿ ಧರ್ಮಶಾಸ್ತ್ರದೊಡನೆ ಗಣಿತ, ವಿಜ್ಞಾನಗಳನ್ನೂ ಬೋಧಿಸಲಾಗುತ್ತದೆ. ಆದರೆ 1999ರಲ್ಲಿ ಜಾರಿಗೆ ಬಂದ ಗುಣಾಂಕ ನಿಯಮದನ್ವಯ, ಇಲ್ಲಿಂದ ಹೊರಬಂದವರು ಧರ್ಮಶಾಸ್ತ್ರದಾಚೆಯ ವಿಷಯ ಆಯ್ದುಕೊಂಡರೆ ವಿಶ್ವವಿದ್ಯಾಲಯ ಪ್ರವೇಶದ ಅಂಕಗಳಲ್ಲಿ ನಷ್ಟ ಅನುಭವಿಸಬೇಕಾಗಿತ್ತು. ಸಾಮಾನ್ಯ ಶಾಲೆಯವರಷ್ಟೇ ಚೆನ್ನಾಗಿ ಉತ್ತರಿಸಿದರೂ ಹಿಂದುಳಿಯುವವನಿಗೆ ತನ್ನ ಕಲಿಕೆಯಲ್ಲಿ ನಂಬಿಕೆ ಉಳಿಯುವುದಾದರೂ ಹೇಗೆ? ಯಂತ್ರವಿದ್ಯೆ ಕಲಿಸುವ ವೃತ್ತಿಶಾಲೆಗಳೂ ಇದೇ ನಿಯಮಕ್ಕೆ ಒಳಪಟ್ಟಿದ್ದವು. ಅಂದರೆ ಪೆಟ್ಟು ಕಾರ್ಖಾನೆಗಳಿಗೂ ತಗುಲಿತು. ನಿಯಮ ರದ್ದಾಗಲು 2011 ಬರಬೇಕಾಯಿತು.

ಸಾಮರ್ಥ್ಯದ ನಂಬಿಕೆಗೆ ಸ್ವತಃ ಗಳಿಸಿದ ಯಶಸ್ಸೇ ಪ್ರಬಲ ಮೂಲವೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಪ್ರತಿಪಾದಿಸಿದ್ದರು. ನೇಮಕಾತಿಯ ವೇಳೆ ಪ್ರಮಾಣಪತ್ರದ ಮೇಲಿನ ಶಾಲೆಯ ಹೆಸರನ್ನು ಬದಿಗಿಟ್ಟು, ಅಭ್ಯರ್ಥಿಗೆ ಸಣ್ಣದೊಂದು ಲೆಕ್ಕಪತ್ರವನ್ನೋ ಯಂತ್ರದ ಜೋಡಣೆಯನ್ನೋ ಒಪ್ಪಿಸಿ, ವಾರದ ತರುವಾಯ ಅದಕ್ಕಿಂತ ಕಠಿಣವಾದುದನ್ನು ಕೊಟ್ಟು ನೋಡಬಹುದು.